ತಲೆಸುತ್ತಿನ ಗುಟ್ಟನ್ನರಸಿದ ಪರ್ಕಿಂಜೆ

ಬುಗುರಿಯಂತೆ ಗಿರಗಿರನೆ ತಿರುಗಿ ಥಟ್ಟನೆ ನಿಂತ ಮಗುವಿಗೆ ಮನೆ, ಮರ, ಮುಗಿಲುಗಳೆಲ್ಲ ಸುತ್ತುತ್ತಿರುವಂತೆ ತೋರುತ್ತವೆ. ಮಕ್ಕಳಿಗೆ ಇದು ಆಟ. ಇದರಲ್ಲಿ ವಿಚಾರ ಮಾಡತಕ್ಕ ಸಂಗತಿಯನ್ನು ಕಂಡು, ತನ್ನ ದೇಹವನ್ನೇ ಪ್ರಯೋಗಶಾಲೆಯನ್ನಾಗಿಸಿಕೊಂಡವನು ಯಾನ್ ಪರ್ಕಿಂಜೆ.

1787ರಲ್ಲಿ ಬೊಹಿಮಿಯದ ಲಿಬೊಖೊವಿತ್ಸೆ ಎಂಬ ಊರಿನಲ್ಲಿ ಅವನು ಜನಿಸಿದನು. ಬಾಲ್ಯದಲ್ಲಿಯೇ ತಂದೆ ತೀರಿಕೊಂಡನು. ಕ್ರೈಸ್ತ ಗುರುಗಳ ಶಾಲೆಯಲ್ಲಿ ಕಲಿತು ಅವರ ಪಂಥವನ್ನೇ ಸೇರಿದ್ದ ತರುಣನು, ಪೂರ್ಣದೀಕ್ಷೆಗೆ ಮೊದಲೇ ಅದನ್ನು ತೊರೆದು ಪ್ರಾಗ್ ನಗರಕ್ಕೆ ಬಂದನು. ಮನೆಪಾಠ ಹೇಳಿ ಜೀವಿಸುತ್ತ ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿದನು. ವಿಷಸ್ವರೂಪದ ಔಷಧಿಗಳನ್ನು ಸಹ ತಾನೇ ಸೇವಿಸಿ ಅವುಗಳ ಪರಿಣಾಮವನ್ನು ಬರೆದಿಡುತ್ತಿದ್ದನು. ಈ ಸಾಹಸವು ಅನುಕರಣೀಯವಲ್ಲ. ಆದರೆ ಆ ಬರಹಗಳ ಪ್ರಾಮಾಣಿಕತೆ ಅಸಾಮಾನ್ಯವಾದುದು.

1820ರ ಸುಮಾರಿನಲ್ಲಿ ಅವನು ತಲೆಸುತ್ತನ್ನು ಪರಿಶೀಲಿಸತೊಡಗಿದನು. ತಲೆಯನ್ನು ಭುಜದತ್ತ ಬಾಗಿಸಿಕೊಂಡು ತಿರುಗಿದವನು, ನಿಂತ ಬಳಿಕ ತಲೆಯನ್ನು ನೆಟ್ಟಗೆ ಮಾಡಿದರೆ, ಲೋಕವು ಸುತ್ತುವ ದಿಕ್ಕೂ ತಲೆಯೊಡನೆ ಬದಲಾಗುತ್ತಿತ್ತು. ಹಾಗಾದರೆ ಈ ಭ್ರಮೆಯ ಅಕ್ಷವಿರುವುದು ಹೊರಗಲ್ಲ, ತಲೆಯ ಒಳಗೆ! ಇಷ್ಟರಿಂದ ಅವನು ತೃಪ್ತನಾಗಲಿಲ್ಲ. ವಿದ್ಯುತ್ಕೋಶವನ್ನು ನಿರ್ಮಿಸಿದ ವೋಲ್ಟನು ಅದರ ತುದಿಗಳನ್ನು ತನ್ನ ಕಿವಿಗಳಲ್ಲಿಟ್ಟುಕೊಂಡು ತಲೆಗೆ ಪೆಟ್ಟು ಬಿದ್ದಂತಾದುದನ್ನು 1800ರಲ್ಲಿಯೇ ವರದಿ ಮಾಡಿದ್ದನು. ಪರ್ಕಿಂಜೆಯು ತಲೆಯ ಮೂಲಕ ವಿದ್ಯುತ್ತನ್ನು ಹರಿಸಿದಾಗ, ದೇಹವು ತಿರುಗದಿದ್ದರೂ ತಲೆಸುತ್ತು ಬಂದು ಸಮತೋಲ ತಪ್ಪಿತು.

ಆದರೆ ಕಾರಣವನ್ನು ಅವನು ಮಿದುಳಿನಲ್ಲಿ ಅರಸಿದನು. ಕಿವಿಯತ್ತ ಅವನ ಲಕ್ಷ್ಯ ಹರಿಯಲಿಲ್ಲ.

1823ರಲ್ಲಿ ಬ್ರೆಸ್ಲಾವಿನಲ್ಲಿ ಪ್ರಾಧ್ಯಾಪಕನಾದ ಅವನು 1839ರಲ್ಲಿ ಅಲ್ಲಿ ಶರೀರಕ್ರಿಯಾಶಾಸ್ತ್ರದ ಸಂಸ್ಥೆಯನ್ನು ತೆರೆದನು. 1837ರಲ್ಲಿ ಅವನು ವರ್ಣಿಸಿದ ಕಿರುಮಿದುಳಿನ ದೊಡ್ಡ ಕೋಶಗಳು ಇಂದಿಗೂ ಅವನ ಹೆಸರನ್ನೇ ಹೊತ್ತಿವೆ. 1850ರಲ್ಲಿ ಪ್ರಾಗಿಗೆ ಮರಳಿ, 1869ರಲ್ಲಿ ಅಲ್ಲಿಯೇ ನಿಧನ ಹೊಂದಿದನು.

ಅದಾಗಿ ನಾಲ್ಕೈದು ವರ್ಷಗಳಲ್ಲಿಯೇ ಅದೇ ಪ್ರಾಗಿನಲ್ಲಿ ಮಾಕ್, ವಿಯೆನ್ನಾದಲ್ಲಿ ಬ್ರಾಯರ್, ಎಡಿನ್‌ಬರೊದಲ್ಲಿ ಕ್ರಮ್ ಬ್ರೌನ್ ಎಂಬ ವಿಜ್ಞಾನಿಗಳು ಬೇರೆಬೇರೆಯಾಗಿ ಒಂದೇ ತೀರ್ಮಾನಕ್ಕೆ ಬಂದರು. ತಲೆಯು ತಿರುಗುವುದನ್ನು ಅರಿಯುವ ಅಂಗವು ಒಳಗಿವಿಯಲ್ಲಿದೆ; ದ್ರವದಿಂದ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳೇ ಅದು. ವಿದ್ಯುತ್ತು ಆ ದ್ರವವನ್ನು ಕದಲಿಸುವುದಿಲ್ಲ. ಅಲ್ಲಿಂದ ಮಿದುಳಿಗೆ ಸುದ್ದಿಯೊಯ್ಯುವ ನರದ ಸಂಕೇತಗಳನ್ನೇ ಬದಲಿಸುತ್ತದೆ. ಕಿವಿಗಳ ಹಿಂದೆ ವಿದ್ಯುದಗ್ರಗಳನ್ನಿಟ್ಟು ಅತ್ಯಲ್ಪ ವಿದ್ಯುತ್ತನ್ನು ಹರಿಸಿದರೆ, ಕಣ್ಣು ಮುಚ್ಚಿ ನಿಂತವನು ಧನಾಗ್ರವಿರುವ ಕಡೆಗೆ ವಾಲುತ್ತಾನೆ. ವಿಮಾನ ಚಾಲನೆಯನ್ನು ನೆಲದ ಮೇಲೆಯೇ ಕಲಿಸುವ ಯಂತ್ರಗಳಲ್ಲಿ, ಕದಲದೆ ಕುಳಿತ ಶಿಷ್ಯನಿಗೆ ಓಲಾಟದ ಅನುಭವವನ್ನುಂಟುಮಾಡಲು ಸಂಶೋಧಕರು ಈ ವಿಧಾನವನ್ನೇ ಪರೀಕ್ಷಿಸಿದ್ದಾರೆ.