ಮಕ್ಕಳ ತೋಟವನ್ನು ನೆಟ್ಟ ಫ್ರೋಬೆಲನು



ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಸಮೀಪಿಸಿತೆಂದರೆ ನಮ್ಮ ರಾಮಸಮುದ್ರದ ಮಕ್ಕಳು ಕರಿಮಣ್ಣನ್ನು ಕಲಸಿ ಎತ್ತುಗಳನ್ನು ಮಾಡತೊಡಗುವರು. ಅವರಿಗೆ ಪಾಠ ಹೇಳುವವರಿಲ್ಲ, ಪರೀಕ್ಷೆಯೂ ಇಲ್ಲ. ಆದರೂ ಕೋಡು ಜೋತುಬಿದ್ದರೆ ಮಣ್ಣಿಗೆ ನೀರು ಹೆಚ್ಚಾಯಿತೆಂದು ತಾವೇ ತಿಳಿದು ಮತ್ತೆ ಮಾಡುವರು. ಇಂಥ ಮಕ್ಕಳನ್ನೇ ಮೂರು ನಾಲ್ಕು ವರ್ಷ ತುಂಬುತ್ತಲೇ ಎಲ್.ಕೆ.ಜಿ. ತರಗತಿಯಲ್ಲಿ ಕುಳ್ಳಿರಿಸಿ ಅಕ್ಷರ ತಿದ್ದಿಸುವುದು ಈಗಿನ ರೂಢಿಯಾಗಿದೆ. ಕೆ.ಜಿ. ಎಂಬುದು ಕಿಂಡರ್‌ಗಾರ್ಟನ್ ಎಂಬ ಜರ್ಮನ್ ಪದದ ಸಂಕ್ಷೇಪವೆಂದೂ, ಅದರ ಅರ್ಥ ಮಕ್ಕಳ ತೋಟವೆಂದೂ, ಆ ಹೆಸರನ್ನಿಟ್ಟ ಮಹನೀಯನು ಮಕ್ಕಳು ಆಡಿ ಬೆಳೆಯಲೆಂದೇ ಅದನ್ನು ತೆರೆದನೆಂದೂ ಬಹುಮಂದಿ ಅರಿಯರು. ಆದುದರಿಂದ ಆತನ ಬಾಳನ್ನು ಇಲ್ಲಿ ಸಂಗ್ರಹವಾಗಿ ತಿಳಿಸುವೆನು.

ಫ್ರೀಡ್ರಿಕ್ ಫ್ರೋಬೆಲನು 1782ನೆಯ ಏಪ್ರಿಲ್ 21ರಂದು ಜರ್ಮನಿಯ ತುರಿಂಗಿಯಾ ಪ್ರಾಂತದ ಓಬರ್‌ವೈಸ್‌ಬಾಖ್ ಎಂಬ ಗ್ರಾಮದಲ್ಲಿ ಜನಿಸಿದನು. ತಂದೆಯು ಪಾದ್ರಿ, ದೊಡ್ಡ ಸಭೆಯ ಕೆಲಸದಲ್ಲಿ ಆತನಿಗೆ ಬಿಡುವಿರಲಿಲ್ಲ. ಮಗುವಿಗೆ ಒಂಬತ್ತು ತಿಂಗಳಾದಾಗಲೇ ತಾಯಿ ತೀರಿಹೋದಳು. ಮಲತಾಯಿಯು ಮೊದಮೊದಲು ಮುದ್ದಿಸಿದರೂ, ತನಗೊಬ್ಬ ಮಗನು ಹುಟ್ಟಿದ ಬಳಿಕ ಇವನನ್ನು ಹೊರಗಿನವನಂತೆ ಕಂಡಳು. ಮನೆಯ ಸುತ್ತಣ ಗೋಡೆ ಬೇಲಿಗಳನ್ನು ದಾಟಲು ಬಾಲಕನಿಗೆ ಅಪ್ಪಣೆಯಿರಲಿಲ್ಲ. ತಂದೆಯು ಅವನನ್ನು ಬಾಲಕರ ಶಾಲೆಗೆ ಕಳುಹದೆ ಊರಿನ ಬಾಲಿಕೆಯರ ಶಾಲೆಗೆ ಸೇರಿಸಿದನು. ಓರಗೆಯವರೊಡನೆ ಮನಬಂದಂತೆ ಆಡುವ ಸುಖವು ಅವನಿಗೆ ದೊರೆಯಲಿಲ್ಲ.

ಹತ್ತನೆಯ ವಯಸ್ಸಿನಲ್ಲಿ ದಯಾಳುವಾದ ಸೋದರಮಾವನು ಅವನನ್ನು ಸ್ಟಾಟಿಲ್ಮ್ ಪಟ್ಟಣದ ತನ್ನ ಮನೆಗೆ ಕರೆದೊಯ್ದನು. ಅಲ್ಲಿ ಬಯಲೂ ದೊರೆಯಿತು, ಗೆಳೆಯರೂ ದೊರೆತರು. ಆದರೆ ಆಡಿ ಅಭ್ಯಾಸವಿಲ್ಲದ ಆ ದೇಹಕ್ಕೆ ಇತರ ಹುಡುಗರ ಸಮನಾಗಿ ಆಡುವ ಬಲವೇ ಇರಲಿಲ್ಲ. ಬರಬರುತ್ತ ಮೈಗೆ ಬಲವೂ ಮನಸ್ಸಿಗೆ ಧೈರ್ಯವೂ ಬಂದವು. ಆಟವಿಲ್ಲದ ಬಾಲ್ಯವನ್ನೂ ಆಟವುಳ್ಳ ಬಾಲ್ಯವನ್ನೂ ತಾನೇ ಅನುಭವಿಸಿದುದರಿಂದ ಇವೆರಡರ ಅಂತರವನ್ನು ಆತನು ಎಂದಿಗೂ ಮರೆಯಲಿಲ್ಲ.

ಮುಂದೆ ಆತನು ಅರಣ್ಯಾಧಿಕಾರಿಯೊಬ್ಬನ ಬಳಿ ಕೆಲಸ ಕಲಿತನು. 1805ರಲ್ಲಿ ಫ್ರಾಂಕ್‌ಫರ್ಟ್ ನಗರದಲ್ಲಿ ಉಪಾಧ್ಯಾಯನಾದನು. 1808ರಿಂದ 1810ರವರೆಗೆ ಸ್ವಿಟ್ಜರ್ಲೆಂಡಿನ ಇವೆರ್ಡನ್‌ನಲ್ಲಿ ಪ್ರಸಿದ್ಧ ಗುರುವಾದ ಪೆಸ್ಟಲಾಟ್ಸಿಯ ಬಳಿಯಲ್ಲಿದ್ದನು. 1816ರಲ್ಲಿ ಅಣ್ಣಂದಿರ ಐವರು ಮಕ್ಕಳನ್ನು ಕೂಡಿಸಿ ಸ್ವಂತ ಶಾಲೆಯನ್ನು ತೆರೆದು, ಮರುವರ್ಷ ಅದನ್ನು ಕೈಲ್‌ಹೌ ಗ್ರಾಮಕ್ಕೆ ಸಾಗಿಸಿದನು. 1826ರಲ್ಲಿ ಮನುಷ್ಯನ ಶಿಕ್ಷಣವೆಂಬ ಗ್ರಂಥವನ್ನು ಪ್ರಕಟಿಸಿದನು. ಆಟವು ಕಾಲಹರಣವಲ್ಲ, ಮಗುವಿನ ಅಂತರಂಗವು ಹೊರಗೆ ಕಾಣಿಸಿಕೊಳ್ಳುವ ಮಾರ್ಗವೆಂಬುದು ಅದರ ಮುಖ್ಯ ವಿಚಾರಗಳಲ್ಲೊಂದು.

ಐವತ್ತೈದರ ವಯಸ್ಸಿನಲ್ಲಿ, 1837ರಲ್ಲಿ, ಬ್ಲಾಂಕೆನ್‌ಬುರ್ಗಿನಲ್ಲಿ ಎಳೆಯ ಮಕ್ಕಳಿಗಾಗಿ ಹೊಸ ಸಂಸ್ಥೆಯನ್ನು ಆರಂಭಿಸಿ, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟನು. ಬಣ್ಣದ ಉಣ್ಣೆಯ ಆರು ಚೆಂಡುಗಳು, ಮರದ ಗೋಲ, ಘನ, ಉರುಳೆಗಳು, ಎಂಟು ಭಾಗವಾಗುವ ಘನ ಮೊದಲಾದ ಆಟಿಕೆಗಳು ಅಲ್ಲಿದ್ದವು, ಹಾಡು ಕುಣಿತಗಳಿದ್ದವು, ಮಕ್ಕಳು ಬಿತ್ತಿ ಬೆಳೆಯಲು ಪಾತಿಗಳಿದ್ದವು. ಈ ಕಾರ್ಯಕ್ಕೆ ಸ್ತ್ರೀಯರೇ ಯೋಗ್ಯರೆಂದು ನಂಬಿ ಆತನು ತರುಣಿಯರಿಗೆ ತರಬೇತಿ ಕೊಟ್ಟನು. ಶಿಕ್ಷಿತ ಉಪಾಧ್ಯಾಯಿನಿಯೆಂಬ ಗೌರವವು ಅನೇಕ ಸ್ತ್ರೀಯರಿಗೆ ದೊರೆತುದು ಹೀಗೆ.

ಬಾಳಿನ ಸಂಜೆಯಲ್ಲಿ ದೊಡ್ಡ ಪೆಟ್ಟು ಬಿದ್ದಿತು. ಅವನ ಅಣ್ಣನ ಮಗ ಕಾರ್ಲನು ಬಾಲಿಕೆಯರ ಉನ್ನತ ವಿದ್ಯಾಲಯಗಳನ್ನೂ ಕಿಂಡರ್‌ಗಾರ್ಟನ್‌ಗಳನ್ನೂ ಕುರಿತು ಒಂದು ಪುಸ್ತಿಕೆಯನ್ನು ಬರೆದಿದ್ದನು. ಪ್ರಷ್ಯಾ ಸರಕಾರವು ಇಬ್ಬರನ್ನೂ ಒಬ್ಬರೆಂದೇ ಎಣಿಸಿ, ನಾಸ್ತಿಕತೆಯ ಆರೋಪ ಹೊರಿಸಿ, 1851ರ ಆಗಸ್ಟ್ ತಿಂಗಳಲ್ಲಿ ತನ್ನ ರಾಜ್ಯದ ಕಿಂಡರ್‌ಗಾರ್ಟನ್‌ಗಳನ್ನೆಲ್ಲ ನಿಷೇಧಿಸಿತು. ಪಾದ್ರಿಯ ಮಗನಾದ ಆ ದೈವಭಕ್ತನು ಈ ಕಳಂಕವು ತೊಲಗುವ ಮೊದಲೇ, 1852ನೆಯ ಜೂನ್ 21ರಂದು, ತೀರಿಕೊಂಡನು. ನಿಷೇಧವು ರದ್ದಾದುದು 1860ರಲ್ಲಿ.

ಆದರೆ ನಿಷೇಧಕ್ಕಿಂತಲೂ ಅನುಯಾಯಿಗಳಿಂದಲೇ ಆತನ ಆಶಯಕ್ಕೆ ಹೆಚ್ಚು ಹಾನಿಯಾಯಿತು. ಫ್ರೋಬೆಲನು ಆಟಿಕೆಗಳಿಗೆ ಒಂದು ಕ್ರಮವನ್ನು ಹಾಕಿಕೊಟ್ಟಿದ್ದನು. ಅನೇಕರು ಆ ಕ್ರಮವನ್ನು ಮಾತ್ರ ಹಿಡಿದು ಆಟವನ್ನು ಬಿಟ್ಟರು. ಮಕ್ಕಳು ಅಪ್ಪಣೆಗೆ ಸರಿಯಾಗಿ ಘನವನ್ನು ಎತ್ತಿಡುವ ಕವಾಯತೇ ಉಳಿಯಿತು.

ನಾನೂ ಈ ತಪ್ಪಿಗೆ ಹೊರತಲ್ಲ. ಉಪಾಧ್ಯಾಯಿನಿಯಾದ ಹೊಸದರಲ್ಲಿ, ಬಿಡುವಿನ ವೇಳೆ ಕುಂಟೆಬಿಲ್ಲೆಯಾಡುತ್ತ ಜಗಳವಾಡುತ್ತಿದ್ದ ಬಾಲಿಕೆಯರನ್ನು ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸಿದೆನು. ಗದ್ದಲವೇನೋ ಅಡಗಿತು. ಆದರೆ ಗೆರೆ ತುಳಿದವಳಾರೆಂದು ತಾವೇ ವಿಚಾರಿಸಿ, ತಾವೇ ನ್ಯಾಯ ತೀರಿಸಿ, ಮರಳಿ ಒಂದಾಗುವ ದೊಡ್ಡ ಪಾಠವನ್ನು ನಾನೇ ಕೆಡಿಸಿದೆನೆಂಬುದು ಬಹುಕಾಲದ ಮೇಲೆ ಅರಿವಾಯಿತು. ಹಿರಿಯರು ಏರ್ಪಡಿಸಿದ ಆಟದಲ್ಲಿ ಮಗುವು ವಿಧೇಯತೆಯನ್ನು ಕಲಿಯುವುದು. ತಾನೇ ಹೂಡಿದ ಆಟದಲ್ಲಿ ವಿವೇಕವನ್ನು ಕಲಿಯುವುದು. ಎರಡೂ ಬೇಕು.

ಆಟವು ಮಗುವಿನ ಹಕ್ಕೆಂದು 1989ರ ವಿಶ್ವಸಂಸ್ಥೆಯ ಒಡಂಬಡಿಕೆಯ 31ನೆಯ ವಿಧಿಯು ಸಾರುತ್ತದೆ. 1992ರಲ್ಲಿ ಭಾರತವೂ ಅದನ್ನು ಅಂಗೀಕರಿಸಿತು. ಆದರೂ ನಮ್ಮ ಮನೆಗಳಲ್ಲಿ ಹೆಣ್ಣುಮಗುವಿನ ಆಟವು ಗಂಡುಮಗುವಿನದಕ್ಕಿಂತ ಬೇಗನೆ ಮುಗಿಯುವುದು. ಅಣ್ಣನು ಇನ್ನೂ ಗೋಲಿಯಾಡುತ್ತಿರುವಾಗಲೇ ತಂಗಿಯ ಕೈಗೆ ಕಸಬರಿಗೆ ಬರುವುದು, ಕಂಕುಳಿಗೆ ಕೂಸು ಬರುವುದು. ತಾಯಂದಿರಾಗಿರುವ ಪೂರ್ವವಿದ್ಯಾರ್ಥಿನಿಯರಲ್ಲಿ ನನ್ನದೊಂದೇ ಬಿನ್ನಹ: ದಿನಕ್ಕೆ ಒಂದು ಗಂಟೆಯಾದರೂ ನಿಮ್ಮ ಮಗಳನ್ನು ಯಾವ ಕೆಲಸಕ್ಕೂ ಕರೆಯದಿರಿ. ಅವಳ ಲಂಗಕ್ಕೆ ಮಣ್ಣು ಹತ್ತಿದರೆ ಸಿಟ್ಟಾಗದಿರಿ. ಫ್ರೋಬೆಲನು ಬಯಸಿದ ತೋಟಕ್ಕೆ ನಮ್ಮೂರಿನ ಕರಿಮಣ್ಣೂ ತಕ್ಕುದೇ ಆಗಿದೆ.