ಸರ್ ರೊನಾಲ್ಡ್ ರಾಸ್

ಚಳಿಜ್ವರವು ಜೌಗುನೆಲದ ಕೆಟ್ಟ ಗಾಳಿಯಿಂದ ಹುಟ್ಟುವುದೆಂದು ಜನರೂ ಪಂಡಿತರೂ ಶತಮಾನಗಳ ಕಾಲ ನಂಬಿದ್ದರು. ಆ ನಂಬಿಕೆಯನ್ನು ಬುಡಸಹಿತ ಕಿತ್ತವರಲ್ಲಿ ಸರ್ ರೊನಾಲ್ಡ್ ರಾಸರು ಅಗ್ರಗಣ್ಯರು. ಅವರ ಶೋಧನೆಯು ನಡೆದುದು ನಮ್ಮ ನೆಲದ ಮೇಲೆಯೇ. ಅದರ ಫಲವು ಬಹುಕಾಲ ತಡೆದು ದೊರೆತುದೂ ಇಲ್ಲಿಯೇ. ಆದುದರಿಂದ ಅವರ ಚರಿತ್ರೆಯು ಪೌರರೂ ಅಧಿಕಾರಿಗಳೂ ಮನನ ಮಾಡತಕ್ಕುದಾಗಿದೆ.

ರಾಸರು 1857ನೆಯ ಮೇ 13ರಂದು ಆಲ್ಮೋರದಲ್ಲಿ ಜನಿಸಿದರು. ತಂದೆ ಸೈನ್ಯಾಧಿಕಾರಿ. ಮಗನಿಗೆ ಕಾವ್ಯ, ಗಣಿತಗಳಲ್ಲಿ ಆಸಕ್ತಿ. ತಂದೆಯ ಇಚ್ಛೆಗೆ ಮಣಿದು ವೈದ್ಯನಾಗಬೇಕಾಯಿತು. 1881ರಲ್ಲಿ ಇಂಡಿಯಾ ವೈದ್ಯಕೀಯ ಇಲಾಖೆಯನ್ನು ಸೇರಿ, 1883ರಲ್ಲಿ ಬೆಂಗಳೂರು ದಂಡಿಗೆ ಬಂದರು. ತಮ್ಮ ಬಂಗಲೆಯ ಕಿಟಕಿಯ ಬಳಿಯಿದ್ದ ಪೀಪಾಯಿಯ ನೀರಿನಲ್ಲಿ ಸೊಳ್ಳೆಯ ಮರಿಗಳು ತುಂಬಿರುವುದನ್ನು ಕಂಡು, ನೀರನ್ನು ಚೆಲ್ಲಿಸಿದೊಡನೆ ಕಾಟವು ಕಡಿಮೆಯಾಯಿತು. ಅವರ ಮುಂದಿನ ಜೀವನದ ಪಾಠವೆಲ್ಲವೂ ಆ ಪೀಪಾಯಿಯಲ್ಲಿಯೇ ಅಡಗಿದ್ದಿತೆನ್ನಬಹುದು.

ಲಾವೆರನ್ ಎಂಬ ಫ್ರೆಂಚ್ ವೈದ್ಯನು 1880ರಲ್ಲಿಯೇ ರೋಗಿಯ ರಕ್ತದಲ್ಲಿ ಮಲೇರಿಯಾ ಕ್ರಿಮಿಯನ್ನು ಕಂಡಿದ್ದನು. ಅದನ್ನು ಒಯ್ಯುವುದು ಸೊಳ್ಳೆಯಾಗಿರಬಹುದೆಂದು 1894ರಲ್ಲಿ ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನ್ನರು ರಾಸರಿಗೆ ಸೂಚಿಸಿದರು. ಮರುವರ್ಷ ಇಂಡಿಯಾಕ್ಕೆ ಮರಳಿದ ರಾಸರು ಸಿಕಂದರಾಬಾದಿನಲ್ಲಿ ಕೆಲಸಕ್ಕೆ ತೊಡಗಿದರು. ನಡುವೆ ಕಾಲರಾ ನಿವಾರಣೆಗಾಗಿ ಬೆಂಗಳೂರಿಗೆ ವರ್ಗವಾಯಿತು. ಎರಡು ವರ್ಷ ನೂರಾರು ಸೊಳ್ಳೆಗಳನ್ನು ಸೀಳಿದರೂ ಫಲವು ದೊರೆಯಲಿಲ್ಲ; ಪರೀಕ್ಷೆಗೆ ಸಿಕ್ಕಿದ ಜಾತಿಯೇ ಬೇರೆಯಾಗಿದ್ದಿತು. ಕಡೆಗೆ ಚುಕ್ಕೆರೆಕ್ಕೆಯ ಕಂದು ಸೊಳ್ಳೆಗಳು ದೊರೆತುವು. ಹುಸೇನ್ ಖಾನನೆಂಬ ರೋಗಿಯು ಕಡಿತಕ್ಕೆ ಒಂದೊಂದು ಆಣೆಯಂತೆ ಪಡೆದು ಅವುಗಳಿಗೆ ಮೈಯೊಡ್ಡಿದನು. 1897ನೆಯ ಆಗಸ್ಟ್ 20ರಂದು ಅಂತಹ ಸೊಳ್ಳೆಯೊಂದರ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಕ್ರಿಮಿಯು ಬೆಳೆಯುತ್ತಿರುವುದು ಸೂಕ್ಷ್ಮದರ್ಶಕದಲ್ಲಿ ಗೋಚರಿಸಿತು.

ಸರಕಾರವು ಇದಕ್ಕೆ ತೋರಿಸಿದ ಮನ್ನಣೆ ವಿಚಿತ್ರವಾದುದು. ಮುಂದಿನ ತಿಂಗಳೇ ಅವರನ್ನು ರಾಜಪುತಾನದ ಖೇರ್ವಾರಾಕ್ಕೆ ಅಟ್ಟಿತು. ಅಲ್ಲಿ ಮಲೇರಿಯಾ ರೋಗಿಗಳು ದೊರೆಯುವುದೇ ದುರ್ಲಭ. ಮ್ಯಾನ್ಸನ್ನರು ಒತ್ತಾಯಪಡಿಸಿದ ಬಳಿಕ 1898ರಲ್ಲಿ ಕಲ್ಕತ್ತೆಗೆ ಕಳುಹಿಸಿದರು. ಮನುಷ್ಯರ ಮೇಲೆ ಪ್ರಯೋಗ ಸುಲಭವಲ್ಲದುದರಿಂದ ರಾಸರು ಹಕ್ಕಿಗಳನ್ನು ಆರಿಸಿಕೊಂಡರು. ಗುಬ್ಬಿಗಳಿಗೂ ಇಂತಹುದೇ ರೋಗವುಂಟು. ಮಹಮ್ಮದ್ ಬಕ್ಷನೆಂಬ ನೌಕರನು ಸೊಳ್ಳೆ ಹಿಡಿಯುವುದರಲ್ಲಿ ಬಲಗೈಯಾದನು. ಹೊಟ್ಟೆಯಲ್ಲಿ ಬೆಳೆದ ಕ್ರಿಮಿಯು ಸೊಳ್ಳೆಯ ಜೊಲ್ಲಿನ ಗ್ರಂಥಿಯನ್ನು ಸೇರಿ, ಕಡಿತದ ಮೂಲಕ ಆರೋಗ್ಯವಂತ ಗುಬ್ಬಿಯನ್ನು ಹೊಗುವುದೆಂದು ಆ ಜುಲೈ ತಿಂಗಳಲ್ಲಿ ಸಿದ್ಧವಾಯಿತು. ಮನುಷ್ಯರಲ್ಲಿಯೂ ಹೀಗೆಯೇ ಎಂಬುದನ್ನು ಅದೇ ವರ್ಷ ಇಟಲಿಯ ಗ್ರಾಸ್ಸಿ ಮೊದಲಾದವರು ಸ್ಥಾಪಿಸಿದರು. ಕೀರ್ತಿ ಯಾರದೆಂಬ ಕಟುವಾದ ಜಗಳವು ಬಹುಕಾಲ ನಡೆಯಿತು. ಅದರಲ್ಲಿ ರಾಸರೂ ಸೌಜನ್ಯವನ್ನು ಉಳಿಸಿಕೊಳ್ಳಲಿಲ್ಲ.

1899ರಲ್ಲಿ ಅವರು ಇಂಡಿಯಾವನ್ನು ಬಿಟ್ಟು ಲಿವರ್‌ಪೂಲಿನಲ್ಲಿ ಬೋಧಕರಾದರು. 1902ರಲ್ಲಿ ನೊಬೆಲ್ ಬಹುಮಾನವು ಸಂದಿತು. ಅದೇ ವರ್ಷ ಸೂಯೆಜ್ ಕಾಲುವೆಯ ಕಂಪೆನಿಯು ಅವರ ಸಲಹೆಯನ್ನು ಬೇಡಿತು. ನಿಂತ ನೀರನ್ನು ತೊಲಗಿಸಿದ ಮೇಲೆ ಇಸ್ಮಾಯಿಲಿಯಾ ಪಟ್ಟಣದಲ್ಲಿ ಜ್ವರವು ಕೆಲವೇ ವರ್ಷಗಳಲ್ಲಿ ಅಡಗಿತು. ರಾಸರು 1932ನೆಯ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಒಂದು ಕಂಪೆನಿಯು ತನ್ನ ಪಟ್ಟಣದಲ್ಲಿ ಮಾಡಿದುದನ್ನು ಪರಸರಕಾರವು ಈ ದೇಶದಲ್ಲಿ ವ್ಯಾಪಕವಾಗಿ ಮಾಡಲಿಲ್ಲ. ಸ್ವಾತಂತ್ರ್ಯ ಬಂದಾಗ ವರ್ಷಕ್ಕೆ ಸುಮಾರು 7.5 ಕೋಟಿ ಜನರು ಈ ಜ್ವರಕ್ಕೆ ತುತ್ತಾಗುತ್ತಿದ್ದರೆಂದೂ 8 ಲಕ್ಷ ಜನರು ಸಾಯುತ್ತಿದ್ದರೆಂದೂ ಅಂದಾಜು. ರಾಷ್ಟ್ರವ್ಯಾಪಿಯಾದ ನಿಯಂತ್ರಣ ಯೋಜನೆಯು ಆರಂಭವಾದುದು 1953ರಲ್ಲಿ. ಸಿಕಂದರಾಬಾದಿನ ಆ ದಿನದಿಂದ 56 ವರ್ಷಗಳ ತರುವಾಯ. ಈಗ ಆಳುವವರು ನಾವೇ. ಮೋರಿಯ ನೀರು ನಿಂತರೆ ದೂಷಿಸಲು ಪರಕೀಯರಿಲ್ಲ. ಪ್ರತಿಮೆ, ಫಲಕಗಳಿಂದ ರಾಸರ ಋಣವು ತೀರುವಂತಹುದಲ್ಲ. ಪುರಸಭೆಗಳು ಚರಂಡಿಯನ್ನೂ ಗೃಹಸ್ಥರು ಮನೆಯ ತೊಟ್ಟಿಯನ್ನೂ ಶುಚಿಯಾಗಿಟ್ಟರೆ ಮಾತ್ರ ತೀರುವುದು.