ಚುಕ್ಕಾಣಿಯ ಹೊಣೆ

ಹಡಗಿನ ಚುಕ್ಕಾಣಿ ಹಿಡಿಯುವವನಿಗೆ ಗ್ರೀಕ್ ಭಾಷೆಯಲ್ಲಿ ಕುಬರ್ನೇಟಿಸ್ ಎಂದು ಹೆಸರು. 1948ರಲ್ಲಿ ಅಮೆರಿಕದ ಗಣಿತಜ್ಞನೊಬ್ಬನು ಈ ಹಳೆಯ ಪದದಿಂದ ಸೈಬರ್ನೆಟಿಕ್ಸ್ ಎಂಬ ಹೊಸ ಪದವನ್ನು ಟಂಕಿಸಿ, ಅದನ್ನೇ ತನ್ನ ಗ್ರಂಥದ ಹೆಸರಾಗಿಸಿದನು. ಪ್ರಾಣಿಯಲ್ಲಿಯೂ ಯಂತ್ರದಲ್ಲಿಯೂ ನಿಯಂತ್ರಣವು ಹೇಗೆ ನಡೆಯುತ್ತದೆ, ಸಂದೇಶವು ಹೇಗೆ ಹರಿಯುತ್ತದೆ ಎಂಬುದು ಆ ಶಾಸ್ತ್ರದ ವಿಷಯ. ಕೃತಕ ಬುದ್ಧಿಯ ಮಾತು ಮನೆಮನೆಗೂ ಬಂದಿರುವ ಇಂದು ಆ ನಾರ್ಬರ್ಟ್ ವೀನರನ ಬಾಳನ್ನು ನೆನೆಯುವುದು ಉಚಿತ. ಯಂತ್ರದ ಬುದ್ಧಿಗೆ ಹೊಣೆಗಾರರು ಯಾರೆಂದು ಬಹು ಮುಂಚೆಯೇ ಕೇಳಿದವರಲ್ಲಿ ಆತನೊಬ್ಬನು.

ಆತ ಹುಟ್ಟಿದ್ದು 1894ರ ನವೆಂಬರ್ 26ರಂದು, ಮಿಸೂರಿ ಸಂಸ್ಥಾನದ ಕೊಲಂಬಿಯದಲ್ಲಿ. ತಂದೆ ಲಿಯೋ ವೀನರ್ ರಷ್ಯದ ಸಾಮ್ರಾಜ್ಯದಿಂದ ವಲಸೆ ಬಂದ ಯೆಹೂದಿ. ಮುಂದೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸ್ಲಾವ್ ಭಾಷೆಗಳ ಪ್ರಾಧ್ಯಾಪಕನಾದವನು. ಟಾಲ್‌ಸ್ಟಾಯ್ ಮಹಾಶಯನ ಕೃತಿಗಳನ್ನು 24 ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದ ಪಂಡಿತ. ಮಗನಿಗೆ ತಾನೇ ಗುರುವಾಗಿ ನಿಂತನು. ಲೆಕ್ಕ ತಪ್ಪಿದರೆ ಬಿರುನುಡಿಗಳ ಮಳೆ. ಹುಡುಗನು ಹನ್ನೊಂದರಲ್ಲಿ ಕಾಲೇಜು ಸೇರಿ, ಹದಿನಾಲ್ಕರಲ್ಲಿ ಪದವಿ ಪಡೆದು, ಹದಿನೆಂಟಕ್ಕೆ ಹಾರ್ವರ್ಡಿನ ಡಾಕ್ಟರೇಟ್ ಗಳಿಸಿದನು. ಆದರೆ ಇದೆಲ್ಲ ತನ್ನ ಶಿಕ್ಷಣಕ್ರಮದ ಫಲವೇ ಹೊರತು ಹುಡುಗನ ವಿಶೇಷವಲ್ಲವೆಂದು ತಂದೆ ಪತ್ರಿಕೆಯಲ್ಲಿ ಸಾರಿದನು. ಆ ಗಾಯ ಮಗನಲ್ಲಿ ಬಹುಕಾಲ ಮಾಯಲಿಲ್ಲ. ಇನ್ನೊಬ್ಬರ ಕೈಯ ತಯಾರಿಕೆಯೆಂದು ಎಣಿಸಲ್ಪಡುವ ನೋವನ್ನು ಬಲ್ಲವನೇ ಮುಂದೆ ಯಂತ್ರಗಳ ವಿಷಯದಲ್ಲಿ ತಯಾರಕನ ಹೊಣೆಯನ್ನು ವಿಚಾರಿಸಿದನೆಂಬುದು ನನಗೆ ಬರಿಯ ಆಕಸ್ಮಿಕವಾಗಿ ತೋರುವುದಿಲ್ಲ.

ರಸೆಲ್, ಹಿಲ್ಬರ್ಟ್ ಮೊದಲಾದವರ ಬಳಿ ಕಲಿತು, 1919ರಲ್ಲಿ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯನ್ನು ಸೇರಿದವನು ನಿವೃತ್ತಿಯವರೆಗೂ ಅಲ್ಲಿಯೇ ಉಳಿದನು. ಎರಡನೆಯ ಮಹಾಯುದ್ಧ ಬಂದಾಗ, ಬಿಗಲೋ ಎಂಬ ಎಂಜಿನಿಯರನೊಡಗೂಡಿ ವಿಮಾನನಾಶಕ ಫಿರಂಗಿಯ ಸಮಸ್ಯೆಗೆ ಕೈಹಾಕಿದನು. ಗುಂಡು ಮೇಲೇರುವಷ್ಟರಲ್ಲಿ ವಿಮಾನವು ಎಲ್ಲಿರುತ್ತದೆ? ಹಿಂದಿನ ಚಲನೆಯಿಂದ ಮುಂದಿನದನ್ನು ಊಹಿಸುವ ಗಣಿತ ಅವನಿಂದ ಹುಟ್ಟಿತು. ಹಳದಿ ರಟ್ಟಿನ ಆ ಗುಪ್ತ ವರದಿಯ ಕ್ಲಿಷ್ಟತೆಗೆ ಬೇಸತ್ತ ಎಂಜಿನಿಯರರು ಅದನ್ನು 'ಹಳದಿ ಗಂಡಾಂತರ'ವೆಂದು ಹಾಸ್ಯ ಮಾಡುತ್ತಿದ್ದರಂತೆ. ಅವನ ಯಂತ್ರವೇನೋ ರಣರಂಗವನ್ನು ಕಾಣಲಿಲ್ಲ.

1945ರ ಆಗಸ್ಟಿನಲ್ಲಿ ಹಿರೋಷಿಮ, ನಾಗಸಾಕಿಗಳು ಸುಟ್ಟುಹೋದವು. ತಾನು ಕೊಟ್ಟ ವಿದ್ಯೆಯು ಯಾರ ಕೈಸೇರಿ ಏನಾಗುತ್ತದೆಂಬ ಚಿಂತೆ ವೀನರನನ್ನು ಹಿಡಿಯಿತು. ಕೆಲಕಾಲಾನಂತರ, ಕ್ಷಿಪಣಿ ನಿರ್ಮಾಣದಲ್ಲಿ ತೊಡಗಿದ್ದ ವಿಮಾನ ಕಂಪೆನಿಯ ಸಂಶೋಧಕನೊಬ್ಬನು ಯುದ್ಧಕಾಲದ ಒಂದು ವರದಿಯ ಪ್ರತಿಯನ್ನು ಬೇಡಿದನು. ವೀನರ್ ಕೊಡೆನೆಂದನು. ಆ ನಿರಾಕರಣಪತ್ರ 1947ರ ಜನವರಿಯಲ್ಲಿ ಅಟ್ಲಾಂಟಿಕ್ ಮಂತ್ಲಿ ಪತ್ರಿಕೆಯಲ್ಲಿ ಅಚ್ಚಾಯಿತು. ಹೊಣೆಯರಿಯದ ಸೇನಾಧಿಕಾರಿಗಳ ಕೈಯಲ್ಲಿ ಕೇಡಾಗಬಲ್ಲುದನ್ನು ಮುಂದೆ ತಾನು ಪ್ರಕಟಿಸಲಾರೆನೆಂಬುದು ಅದರ ತಾತ್ಪರ್ಯ. ಇದರಿಂದ ಕ್ಷಿಪಣಿಗಳು ನಿಂತವೇ ಎಂದು ವಾಚಕರು ಕೇಳಬಹುದು. ನಿಲ್ಲಲಿಲ್ಲ. ವೀನರನು ತಡೆಹಿಡಿದದ್ದು ತನ್ನ ಕೈಯನ್ನು ಮಾತ್ರ.

ಕಾರ್ಖಾನೆಯ ಕಡೆಗೂ ಅವನ ದೃಷ್ಟಿ ಹರಿಯಿತು. ತಾನೇ ನಡೆಯುವ ಯಂತ್ರಗಳು ಕಾರ್ಮಿಕರ ಅನ್ನವನ್ನು ಕಸಿಯುವುವೆಂದು ಕಂಡು, 1949ರ ಆಗಸ್ಟಿನಲ್ಲಿ ಮೋಟಾರು ಕಾರ್ಮಿಕ ಸಂಘದ ನಾಯಕ ವಾಲ್ಟರ್ ರೂಥರನಿಗೆ ತಾನಾಗಿ ಕಾಗದ ಬರೆದು ಎಚ್ಚರಿಸಿದನು. ಕಂಪೆನಿಗಳ ಸಂಭಾವನೆ ಕೈಗೆಟುಕುವಂತಿದ್ದಾಗ ಕೂಲಿಕಾರರ ಬಾಗಿಲು ತಟ್ಟುವ ವಿದ್ವಾಂಸರು ವಿರಳ. ರೂಥರ್ ತಂತಿಯ ಮೂಲಕ ಆಸಕ್ತಿ ತಿಳಿಸಿದನು. ಮರುವರ್ಷವೇ ಮನುಷ್ಯರನ್ನು ಮನುಷ್ಯರಂತೆ ಬಳಸಿಕೊಳ್ಳುವ ಬಗೆಯನ್ನು ಕುರಿತ ಗ್ರಂಥ ಹೊರಬಂತು.

ವೀನರನ ಮುಖ್ಯ ವಾದವನ್ನು ತಿಳಿಯಲು ಅವನಿಗೆ ಪ್ರಿಯವಾಗಿದ್ದ ಒಂದು ಕಥೆ ಸಾಕು. ಜೇಕಬ್ಸ್ ಎಂಬ ಆಂಗ್ಲ ಲೇಖಕನದು. ಮಂತ್ರಿಸಿದ ಕೋತಿಯ ಪಂಜವನ್ನು ಹಿಡಿದು ವೃದ್ಧನೊಬ್ಬನು 200 ಪೌಂಡು ಬೇಡುತ್ತಾನೆ. ಮರುದಿನ ಹಣ ಬರುತ್ತದೆ, ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸತ್ತ ಮಗನ ಪರಿಹಾರದ್ರವ್ಯವಾಗಿ. ಪಂಜವು ಮೋಸಮಾಡಲಿಲ್ಲ, ಕೇಳಿದ್ದನ್ನೇ ಕೊಟ್ಟಿತು. ಯಂತ್ರವೂ ಹಾಗೆಯೇ ಎಂದು 1960ರಲ್ಲಿ ಸೈನ್ಸ್ ಪತ್ರಿಕೆಯ ಲೇಖನದಲ್ಲಿ ವೀನರ್ ವಾದಿಸಿದನು. ಅದು ನಾವು ನುಡಿದುದನ್ನು ಸಾಧಿಸುತ್ತದೆ, ಬಯಸಿದ್ದನ್ನಲ್ಲ. ಕಲಿಯುವ ಯಂತ್ರವಾದರೆ ನಿರ್ಮಿಸಿದವನು ನೆನೆಯದ ಹಾದಿಯನ್ನೂ ಹಿಡಿಯಬಹುದು. ಅದರ ವೇಗದೆದುರು ನಾವು ಎಚ್ಚೆತ್ತು ತಡೆಯುವಷ್ಟರಲ್ಲಿ ಕಾಲ ಮಿಂಚಿರುತ್ತದೆ. (ಭಸ್ಮಾಸುರನ ಕಥೆ ಕೇಳಿ ಬೆಳೆದ ನಮಗೆ ಇದು ತೀರ ಹೊಸದಲ್ಲ. ಆದರೆ ನಮ್ಮ ಕಥೆಯಲ್ಲಿ ವರವಿತ್ತವನನ್ನು ಕಾಯಲು ಮೋಹಿನಿ ಬರುತ್ತಾಳೆ. ಅವನ ಕಥೆಯಲ್ಲಿ ಯಾರೂ ಬರುವುದಿಲ್ಲ.) ಚದುರಂಗದ ಹಲಗೆಯ ಮೇಲಾಡುವ ಚೆಕರ್ಸ್ ಆಟವನ್ನು ಯಂತ್ರಕ್ಕೆ ಕಲಿಸಿದ ಆರ್ಥರ್ ಸ್ಯಾಮುಯೆಲ್ ಅದೇ ವರ್ಷ ಅದೇ ಪತ್ರಿಕೆಯಲ್ಲಿ ಇದನ್ನು ಖಂಡಿಸಿದನು. ಯಂತ್ರಕ್ಕೆ ಸ್ವಂತ ಇಚ್ಛೆಯಿಲ್ಲ, ಅದು ನಡೆಸುವುದು ಮನುಷ್ಯನ ಸಂಕಲ್ಪವನ್ನೇ ಎಂಬುದು ಅವನ ಪಕ್ಷ. ನಿಜವಿರಬಹುದು. ಆದರೆ ಕೋತಿಯ ಪಂಜಕ್ಕೆ ತಾನೆ ಇಚ್ಛೆಯೆಲ್ಲಿತ್ತು?

ಭಾರತಕ್ಕೂ ಆತ ಬಂದಿದ್ದುಂಟು. 1954ರ ಆರಂಭದಲ್ಲಿ ಹೈದರಾಬಾದಿನ ವಿಜ್ಞಾನ ಕಾಂಗ್ರೆಸ್ಸಿಗೂ, ಆ ಬಳಿಕ ಕಲ್ಕತ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಸಂದರ್ಶಕ ಪ್ರಾಧ್ಯಾಪಕನಾಗಿಯೂ ಬಂದು ಕೆಲವು ತಿಂಗಳು ನಿಂತನು. ಸೇನೆಯ ಹಣಕ್ಕೆ ಬೆನ್ನು ತಿರುಗಿಸಿದವನಿಗೆ 1964ರ ಜನವರಿಯಲ್ಲಿ ಅಧ್ಯಕ್ಷ ಜಾನ್ಸನ್ ರಾಷ್ಟ್ರೀಯ ವಿಜ್ಞಾನ ಪದಕವನ್ನಿತ್ತನು. ಎರಡು ತಿಂಗಳಿಗೆ, ಮಾರ್ಚ್ 18ರಂದು, ಪ್ರವಾಸದಲ್ಲಿದ್ದಾಗ ಸ್ಟಾಕ್‌ಹೋಮಿನಲ್ಲಿ ವೀನರ್ ತೀರಿಕೊಂಡನು. ಅದೇ ವರ್ಷ ಅಚ್ಚಾದ ಕೊನೆಯ ಕಿರುಹೊತ್ತಗೆಗೆ ಆತ ಗೋಲೆಮನ ಹೆಸರಿಟ್ಟಿದ್ದನು. ಪ್ರಾಗ್ ನಗರದ ಧರ್ಮಗುರುವೊಬ್ಬನು ಮಂತ್ರಬಲದಿಂದ ಜೀವ ತುಂಬಿದನೆಂದು ಯೆಹೂದಿಗಳು ಹೇಳುವ ಮಣ್ಣಿನ ಆಳು ಅದು.